ಮೊಟ್ಟೆ ಬೇಡ ಅಂದವಳು

ಬುದ್ಧಿ ಬೆಳವಣಿಗೆ ಕಡಿಮೆ ಇರುವವರ ಮೈಯಲ್ಲೂ ರಕ್ತ ಹರಿಯುತ್ತದೆ, ಅವರಿಗೂ ಪಿತ್ತಜನಕಾಂಗ ಇರುತ್ತದೆ, ಅದೂ ಕೆಡುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಆದರೂ ಅಂಥವರೊಬ್ಬರು ಇದ್ದಕ್ಕಿದ್ದಂತೆ ಗೋಡೆಯ ಜೊತೆ ಮಾತಾಡತೊಡಗಿದರೆ, ಹತ್ತಾರು ವರ್ಷ ಓದಿ ಬಂದವರೂ "ಅವರು ಮೊದಲಿಂದಲೂ ಹಾಗೇ ಅಲ್ಲವಾ" ಎಂದು ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಾರೆ. ಗಂಟಕ್ಕನ ವಿಷಯದಲ್ಲಿ ಆದದ್ದು ಇಷ್ಟೇ. ಈ ಇಷ್ಟಕ್ಕೆ ಅವಳ ಬದುಕಿನ ಹನ್ನೊಂದು ತಿಂಗಳು ಹೋಯಿತು.

ಗಂಟಕ್ಕ ಅನ್ನುವುದು ಅವಳಿಗೆ ಆಸ್ಪತ್ರೆಯ ಲಾಂಡ್ರಿ ಇಟ್ಟ ಹೆಸರು. ವಯಸ್ಸು ಮೂವತ್ತಾರು. ಗಡಿಯಾರ ನೋಡಿ ಗಂಟೆ ಹೇಳಲು ಬರುವುದಿಲ್ಲ, ಇಪ್ಪತ್ತರ ಮೇಲೆ ಎಣಿಕೆ ತಪ್ಪುತ್ತದೆ. ಆದರೆ ಒಗೆದು, ಒಣಗಿ, ಮಡಚಿ ಬಂದ ಹತ್ತು ಬೆಡ್‌ಶೀಟುಗಳನ್ನು ಅವಳ ಮುಂದೆ ಇಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಮೂಟೆಯಾಗಿರುತ್ತಿತ್ತು. ಎರಡು ಸುತ್ತು, ಒಂದು ಕುಣಿಕೆ, ಬಾಲ ಎಡಕ್ಕೆ. ವಾರ್ಡಿನಲ್ಲಿ ಬಾಲ ಹಿಡಿದು ಎಳೆದರೆ ಬಿಚ್ಚಬೇಕು, ತಳ್ಳುಗಾಡಿಯಲ್ಲಿ ಎಷ್ಟು ಕುಲುಕಿದರೂ ಬಿಚ್ಚಬಾರದು. ಈ ಗಂಟನ್ನು ಕಲಿಸಿದ್ದು ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುತ್ತಿದ್ದ ಅವಳ ಅಮ್ಮ. ಕಲಿಯಲು ಮೂರು ತಿಂಗಳು ಬೇಕಾಯಿತು. ಕಲಿತ ಮೇಲೆ ಹದಿನಾಲ್ಕು ವರ್ಷ ಮರೆಯಲಿಲ್ಲ.

ಲಾಂಡ್ರಿಯಲ್ಲಿ ಒಂದು ಪದ್ಧತಿ ಇತ್ತು. ಮೂಟೆ ಕಟ್ಟುವ ಪ್ರತಿಯೊಬ್ಬರೂ ತಮ್ಮ ನಂಬರಿನ ತಗಡಿನ ಬಿಲ್ಲೆಯನ್ನು ಗಂಟಿಗೆ ಸಿಕ್ಕಿಸಬೇಕು. ಮೂಟೆ ದಾರಿಯಲ್ಲಿ ಬಿಚ್ಚಿಹೋದರೆ ವಾರ್ಡಿನವರು ಆ ಬಿಲ್ಲೆಯನ್ನು ವಾಪಸು ಕಳಿಸುತ್ತಾರೆ. ಮೇಸ್ತ್ರಿಯ ಮೇಜಿನ ಹಿಂದಿನ ಗೋಡೆಗೆ ಆರು ಮೊಳೆ, ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು. ವಾಪಸು ಬಂದ ಬಿಲ್ಲೆ ಆಯಾ ದಿನದ ಮೊಳೆಗೆ ತೂಗುತ್ತದೆ. ಗಂಟಕ್ಕನ ನಂಬರು ಹದಿನೇಳು. ಹದಿನೇಳು ಆ ಮೊಳೆಗಳನ್ನು ಕಂಡದ್ದೇ ಅಪರೂಪ.

ಅಮ್ಮ ತೀರಿಕೊಂಡಾಗ ಗಂಟಕ್ಕ ತಂಗಿಯ ಪಾಲಿಗೆ ಬಂದಳು. ಪಾಲಿಗೆ ಬಂದಳು ಅಂದರೆ ತಂಗಿ ಕೋಪಿಸಿಕೊಂಡಾಳು. ಅವಳೇ ಹೋಗಿ ಕರೆತಂದಳು, ಮಂಚದ ಕಿಟಕಿ ಬದಿ ಬಿಟ್ಟುಕೊಟ್ಟಳು, ಕೆಲಸವನ್ನೂ ಬಿಡಿಸಲಿಲ್ಲ. ತಂಗಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಗಾಜಿನ ತೂತಿನಿಂದ ಜನರ ಬೈಗುಳ ಕೇಳಿ ಬಂದವಳಿಗೆ ಅಕ್ಕನ ಮಾತು ಕಿವಿಗೆ ಹಿತ. ಅಕ್ಕನಿಗೆ ಬೈಯಲು ಬರುತ್ತಿರಲಿಲ್ಲ.

ತಪ್ಪು ಶುರುವಾದದ್ದು ಪ್ರೀತಿಯಿಂದ. ಆಸ್ಪತ್ರೆಯ ಕೆಲಸಗಾರರಿಗೆ ವರ್ಷಕ್ಕೊಮ್ಮೆ ತೂಕ ನೋಡುತ್ತಾರೆ. ಗಂಟಕ್ಕ ನಲವತ್ತೊಂದು ಕಿಲೋ. ತೂಕ ಬರೆದುಕೊಂಡ ನರ್ಸಮ್ಮ, ಜೊತೆಗೆ ಬಂದಿದ್ದ ತಂಗಿಯನ್ನು ಕನ್ನಡಕದ ಮೇಲಿಂದ ನೋಡಿದಳು.

"ಮೊಟ್ಟೆ, ಹಾಲು, ಬೇಳೆ ಕೊಡಿ. ತಾಯಿ ಇಲ್ಲ ಅಂತ ಹೊಟ್ಟೆಗೆ ಕಡಿಮೆ ಮಾಡ್ಬೇಡಿ."

ತಂಗಿಯ ಮುಖಕ್ಕೆ ಹೊಡೆದಂತಾಯಿತು. ಅವತ್ತೇ ಸಂಜೆ ಎರಡು ಡಜನ್ ಮೊಟ್ಟೆ, ಹಾಲು, ಶಕ್ತಿ ಬರುವ ಪುಡಿಯ ದೊಡ್ಡ ಡಬ್ಬ ಮನೆಗೆ ಬಂದವು. ಅಮ್ಮ ಇದ್ದಾಗ ಅಕ್ಕ ತಿನ್ನುತ್ತಿದ್ದದ್ದು ಬ್ರೆಡ್ಡು, ಆಲೂಗೆಡ್ಡೆ, ಹಣ್ಣು, ಸಕ್ಕರೆ ಹಾಕಿದ ಕರಿ ಟೀ. "ಅವಳಿಗೆ ಸೇರಲ್ಲ, ಬಿಡು" ಎನ್ನುತ್ತಿದ್ದಳು ಅಮ್ಮ. ಯಾಕೆ ಸೇರುವುದಿಲ್ಲ ಎಂದು ಅಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಮಗಳ ಮಾತಿಗೆ ಬೆಲೆ ಕೊಟ್ಟಳು. ಓದಿದವರು ಅದನ್ನು ಮುದ್ದು ಎಂದರು.

"ಬೇಡ ಪುಟ್ಟೀ," ಎಂದಳು ಅಕ್ಕ, ತಟ್ಟೆಯನ್ನು ಬೆರಳಿನಿಂದ ದೂರ ಸರಿಸುತ್ತ.

"ಬೇಡ ಅಂದ್ರೆ ಹೇಗಕ್ಕಾ? ಕೈ ನೋಡು, ಕಡ್ಡಿ ಆಗಿದೆ."

"ಮೊಟ್ಟೆ ತಲೆ ಒಳಗೆ ಹೋಗತ್ತೆ."

"ಹೊಟ್ಟೆ ಒಳಗೆ ಹೋಗತ್ತೆ. ತಲೆ ಒಳಗೆ ಯಾಕೆ ಹೋಗತ್ತೆ?"

"ಹೋಗತ್ತೆ. ಆಮೇಲೆ ತಲೆ ದಪ್ಪ ಆಗತ್ತೆ."

ತಂಗಿ ನಕ್ಕಳು. ನೀವೂ ನಗುತ್ತಿದ್ದಿರಿ. ಆ ಮನೆಯಲ್ಲಿ ಈ ಕಾಯಿಲೆಯ ಬಗ್ಗೆ ಸರಿಯಾದ ಮಾತು ಆಡಿದ್ದು ಅವಳೊಬ್ಬಳೇ ಎಂದು ತಿಳಿಯುವ ಹೊತ್ತಿಗೆ ನಗು ಆರಿಹೋಗಿತ್ತು.

ಎರಡು ವಾರ ಕಳೆದಿರಬೇಕು, ಮಕ್ಕಳ ವಾರ್ಡಿನ ಸಿಸ್ಟರ್ ಒಂದು ಬೆಡ್‌ಶೀಟ್ ಹಿಡಿದುಕೊಂಡು ಲಾಂಡ್ರಿಗೇ ಬಂದಳು. ಮಡಿಕೆಯ ಒಳಗೆ ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ.

"ಏನ್ ಮೇಸ್ತ್ರಿ, ಇಲ್ಲಿ ಕೋಳಿ ಸಾಕಿದ್ದೀರಾ?"

"ಬೇಯಿಸಿದ ಮೊಟ್ಟೆ ಇಡೋ ಕೋಳಿ ಎಲ್ಲಾದ್ರೂ ಕಂಡ್ರೆ ನನಗೂ ಒಂದು ಹೇಳಿ ಸಿಸ್ಟರ್. ಗ್ಯಾಸ್ ಉಳಿಯತ್ತೆ."

ಮೇಸ್ತ್ರಿ ದಪ್ಪ ಹೊಟ್ಟೆಯ, ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಗಂಟಕ್ಕನ ಅಮ್ಮನ ಜೊತೆ ಇಪ್ಪತ್ತು ವರ್ಷ ದುಡಿದವನು. ಮೊಟ್ಟೆ ಯಾರದ್ದೆಂದು ಅವನಿಗೆ ಗೊತ್ತಾಯಿತು. ತಂಗಿಗೆ ಫೋನು ಮಾಡಿ, ನಗುತ್ತಲೇ, "ಸ್ವಲ್ಪ ನೋಡ್ಕೊಳ್ಳಿ ತಾಯಿ" ಎಂದ. ತಂಗಿ ನೋಡಿಕೊಂಡಳು. ಅಂದಿನಿಂದ ಅಕ್ಕನ ಎದುರಿಗೆ ಕುರ್ಚಿ ಹಾಕಿ ಕೂತು, ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಪುಡಿ ಬೆರೆಸಿದ ಹಾಲು, ಕೊನೆಯ ತುತ್ತು ಗಂಟಲಿಳಿಯುವವರೆಗೂ ಏಳುತ್ತಿರಲಿಲ್ಲ. ಆದರೆ ಅವಳಿಗೆ ಹಾಗೆ ಕೂರಲು ಬಿಡುವಿದ್ದದ್ದು ಮಧ್ಯಾಹ್ನದ ಪಾಳಿ ಇದ್ದ ಮಂಗಳವಾರ, ಶುಕ್ರವಾರ ಮಾತ್ರ. ಉಳಿದ ದಿನ ಬೆಳಿಗ್ಗೆ ಆರಕ್ಕೇ ಹೊರಡಬೇಕು. ತಟ್ಟೆ ಮುಚ್ಚಿಟ್ಟು, "ತಿನ್ನು ಅಕ್ಕಾ" ಎಂದು ಹೇಳಿ ಹೋಗುತ್ತಿದ್ದಳು. ಸಂಜೆ ಬಂದಾಗ ತಟ್ಟೆ ಖಾಲಿ ಇರುತ್ತಿತ್ತು. ಹಾಲು ಎಲ್ಲಿಗೆ ಹೋಯಿತೆಂದು ಬಚ್ಚಲಿನ ತೂತಿಗೆ ಗೊತ್ತಿತ್ತು. ಆಸ್ಪತ್ರೆ ಗೇಟಿನ ನಾಯಿ ಆ ವರ್ಷ ಚೆನ್ನಾಗಿ ಮೈ ತುಂಬಿಕೊಂಡಿತು.

ಮೊದಲು ಬಂದದ್ದು ತಲೆನೋವು. ಆಮೇಲೆ ವಾಂತಿ. ಆಮೇಲೆ ಒಂದು ಮಧ್ಯಾಹ್ನ ಗಂಟಕ್ಕ ಓಡುತ್ತಿದ್ದ ಒಗೆಯುವ ಯಂತ್ರದ ಬಾಗಿಲಿಗೆ ಎರಡೂ ಕೈ ಹಾಕಿ ಎಳೆಯತೊಡಗಿದಳು.

"ಅಮ್ಮ ಒಳಗಿದ್ದಾಳೆ! ಸುತ್ತುತಾ ಇದ್ದಾಳೆ! ತೆಗೀರಿ!"

ಇಬ್ಬರು ಹೆಂಗಸರು ಹಿಡಿದೆಳೆದು ಕೂರಿಸಿದರು. ಮರುದಿನ ಏನೂ ಆಗದವಳಂತೆ ಬಂದು ಮೂಟೆ ಕಟ್ಟಿದಳು. ಮತ್ತೆ ಕೆಲವು ದಿನಕ್ಕೆ ಇಸ್ತ್ರಿ ಯಂತ್ರ ಅವಳನ್ನು ಕೆಟ್ಟ ಮಾತಿನಲ್ಲಿ ಬೈಯಿತಂತೆ. ಇನ್ನೊಮ್ಮೆ ಪೈಪಿನೊಳಗಿಂದ ಯಾರೋ ಕರೆದರಂತೆ. ಮನೆಯಲ್ಲಿ ತಂಗಿ ತಟ್ಟೆ ಇಟ್ಟರೆ "ವಿಷ ಹಾಕ್ತಾಳೆ, ಪುಟ್ಟಿ ನಂಗೆ ವಿಷ ಹಾಕ್ತಾಳೆ" ಎಂದು ಅಕ್ಕಪಕ್ಕದ ಮನೆಗೆ ಕೇಳುವ ಹಾಗೆ ಕೂಗಿದಳು.

ತಂಗಿ ಅವಳನ್ನು ಅದೇ ಆಸ್ಪತ್ರೆಯ ಮಾನಸಿಕ ವಿಭಾಗದ ದೊಡ್ಡ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಅವರು ಏಳು ನಿಮಿಷ ನೋಡಿದರು. ಕಡತದಲ್ಲಿ ಬರೆದದ್ದು ಮೂರು ಸಾಲು: ಬುದ್ಧಿಮಾಂದ್ಯತೆ ಇದೆ. ಇಲ್ಲದ ದನಿಗಳು ಕೇಳುತ್ತವೆ. ತಂಗಿ ತನಗೆ ವಿಷ ಉಣಿಸುತ್ತಿದ್ದಾಳೆಂಬ ಭ್ರಮೆ ಇದೆ.

ಭ್ರಮೆ! ಮೂರನೆಯ ಸಾಲನ್ನು ಇನ್ನೊಮ್ಮೆ ಓದಿ. ಹೊಟ್ಟೆಗೆ ಬಿದ್ದದ್ದು ತನ್ನ ತಲೆ ಕೆಡಿಸುತ್ತಿದೆ ಎಂದು ಒಬ್ಬಳು ತನಗೆ ಬರುವ ಹತ್ತಿಪ್ಪತ್ತು ಮಾತಿನಲ್ಲಿ ಹೇಳಿದಳು. ಏನು ಉಣಿಸುತ್ತೀರಿ ಎಂದು ತಂಗಿಯನ್ನು ಯಾರೂ ಕೇಳಲಿಲ್ಲ.

ದನಿ ನಿಲ್ಲಿಸುವ ಮಾತ್ರೆ ಕೊಟ್ಟರು. ದನಿ ನಿಲ್ಲಲಿಲ್ಲ, ನಿದ್ದೆ ಬಂತು. ಏಳೆಂಟು ತಿಂಗಳು ಹೀಗೇ ಎಳೆಯಿತು. ಆಮೇಲೆ ಮನಸ್ಸಿನ ಏರಿಳಿತ ತಗ್ಗಿಸುವ ಇನ್ನೊಂದು ಮಾತ್ರೆ ಸೇರಿಸಿದರು. ಅದು ಬಂದ ಮೇಲೆ ಒಳ್ಳೆಯ ದಿನವೇ ಇಲ್ಲವಾಯಿತು, ಗಂಟು ಕಟ್ಟುವುದೂ ನಿಂತಿತು. ಕುಡಿದವರಂತೆ ತೂರಾಡಿದಳು, ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದಳು, ಎಚ್ಚರಾದಾಗ ಕಿರುಚಿದಳು. ಒಂದು ದಿನ ಒದ್ದೆ ಬೆಡ್‌ಶೀಟನ್ನು ಬಿಸಿ ಇಸ್ತ್ರಿ ಯಂತ್ರದ ಮೇಲೆ ಎಸೆದಳು. ಹಬೆ ಚಿಮ್ಮಿ ಪಕ್ಕದವಳ ಮೊಣಕೈ ಸುಟ್ಟಿತು. ಅಲ್ಲಿಗೆ ಕೆಲಸ ಹೋಯಿತು, ಮಾನಸಿಕ ವಾರ್ಡಿನಲ್ಲಿ ಮಂಚ ಸಿಕ್ಕಿತು. ದೊಡ್ಡ ಡಾಕ್ಟರು ತಂಗಿಯನ್ನು ಕರೆದು ಊರ ಹೊರಗಿನ ಆಶ್ರಯಧಾಮದ ಅರ್ಜಿ ಮುಂದಿಟ್ಟರು.

"ಇಂಥವರು ವಯಸ್ಸಾದ ಹಾಗೆ ಹೀಗೇ ಆಗ್ತಾರಮ್ಮ. ನಿಮ್ಮ ಜೀವನಾನೂ ನೋಡ್ಕೊಳ್ಳಿ. ಸೋಮವಾರ ಹನ್ನೊಂದಕ್ಕೆ ಬಂದು ಸಹಿ ಮಾಡಿ."

ಆ ಧಾಮಕ್ಕೆ ಎತ್ತರದ ಗೋಡೆ. ಅಲ್ಲಿಂದ ವಾಪಸು ಬಂದವರನ್ನು ತಂಗಿ ಕಂಡಿರಲಿಲ್ಲ, ಕಂಡವರನ್ನೂ ಕಂಡಿರಲಿಲ್ಲ.

ಶುಕ್ರವಾರ ಸಂಜೆ ಮೇಸ್ತ್ರಿ ಹದಿನೇಳನೇ ನಂಬರನ್ನು ಹೊಸಬಳಿಗೆ ಕೊಡಬೇಕಾಯಿತು. ಗೋಡೆಯಲ್ಲಿ ತೂಗುತ್ತಿದ್ದ ಹಳೆಯ ಹದಿನೇಳುಗಳನ್ನು ಮೊದಲು ಇಳಿಸಬೇಕಲ್ಲ. ತಾಯಿ ಸತ್ತ ದುಃಖದಲ್ಲಿದ್ದಾಳೆ ಎಂದು ಅವಳಿಗೆ ಬೈಯದೆ, ಬಂದ ಬಿಲ್ಲೆಗಳನ್ನು ಸುಮ್ಮನೆ ಮೊಳೆಗೆ ಹಾಕುತ್ತ ಬಂದಿದ್ದ. ಈಗ ಇಳಿಸಲು ಕೈ ಎತ್ತಿದವನು ಹಾಗೇ ನಿಂತ. ಸೋಮವಾರದ ಮೊಳೆಯಲ್ಲಿ ಒಂದು. ಬುಧವಾರ ನಾಲ್ಕು. ಗುರುವಾರ ಒಂದೂ ಇಲ್ಲ. ಶನಿವಾರ ಮೂರು. ಮಂಗಳವಾರ ಮತ್ತು ಶುಕ್ರವಾರದ ಮೊಳೆಗಳು ಭಾರಕ್ಕೆ ಬಾಗಿದ್ದವು.

ಶನಿವಾರ ಅವನು ಬಿಲ್ಲೆಗಳನ್ನು ತಂತಿಯಲ್ಲಿ ಪೋಣಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಟಿಕೆಟ್ ಸಾಲಿನಲ್ಲಿ ನಿಂತ.

"ಎಲ್ಲಿಗೆ?" ಎಂದಳು ತಂಗಿ, ತಲೆ ಎತ್ತದೆ.

"ಎಲ್ಲಿಗೂ ಇಲ್ಲ ತಾಯಿ. ಮಂಗಳವಾರ, ಶುಕ್ರವಾರ ನಿಮ್ಮನೇಲಿ ಏನಾಗತ್ತೆ?"

ತಂಗಿ ತಲೆ ಎತ್ತಿದಳು. ಮೇಸ್ತ್ರಿ ತಂತಿಯನ್ನು ಗಾಜಿಗೆ ಆನಿಸಿ ತೋರಿಸಿದ. "ಆ ಎರಡು ದಿನ ಮಧ್ಯಾಹ್ನದ ಮೇಲೆ ಗಂಟು ನಿಲ್ಲಲ್ಲ. ಮಾರನೇ ದಿನಾನೂ ಸ್ವಲ್ಪ. ಆಮೇಲೆ ಮತ್ತೆ ಸರಿ ಹೋಗ್ತಾಳೆ. ಹುಚ್ಚಿಗೆ ವಾರ ಗೊತ್ತಿರತ್ತಾ?"

"ಅಜ್ಜಾ, ಕಷ್ಟಸುಖ ಮನೇಲಿ ಮಾತಾಡ್ಕೊಳ್ಳಿ, ನನ್ನ ಬಸ್ ಹೋಗತ್ತೆ!" ಎಂದು ಹಿಂದಿನವನು ಕೂಗಿದ.

"ಹೋದ್ರೆ ಇನ್ನೊಂದು ಬರತ್ತೆ, ಸುಮ್ನಿರಪ್ಪಾ!" ಎಂದ ಮೇಸ್ತ್ರಿ.

"ಆ ದಿನ..." ತಂಗಿಯ ದನಿ ಗಾಜಿನ ಆಚೆ ಅರ್ಧವೇ ಕೇಳಿಸಿತು. "ಆ ದಿನ ನಾನು ಮನೇಲಿರ್ತೀನಿ. ಎದುರಿಗೆ ಕೂತು ತಿನ್ನಿಸ್ತೀನಿ."

"ಉಳಿದ ದಿನ?"

"ತಾನೇ ತಿಂತಾಳೆ."

"ಉಳಿದ ದಿನ ತಿಂದಿದ್ದು ನಮ್ಮ ಗೇಟ್ ನಾಯಿ, ತಾಯಿ. ನಾನೇ ಎಷ್ಟು ಸಲ ನೋಡಿದ್ದೀನಿ. ಎಂಥ ಧಾರಾಳ ಮನಸ್ಸು ಅಂದ್ಕೊಂಡೆ."

ತಂಗಿ ಕೌಂಟರಿನ ಪರದೆ ಎಳೆದಳು. ಸಾಲು ಬೊಬ್ಬೆ ಹಾಕಿತು. ಅದನ್ನು ಅವಳು ಜೀವಮಾನದಲ್ಲಿ ಮೊದಲ ಬಾರಿಗೆ ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡ ಡಾಕ್ಟರು ಬಿಲ್ಲೆಗಳ ತಂತಿಯನ್ನು ಮುಟ್ಟಲೂ ಇಲ್ಲ. "ನೀವು ಟಿಕೆಟ್ ಕೊಡೋರು, ನಾನು ಔಷಧಿ ಕೊಡೋನು. ಬಸ್ ಹೇಗೆ ಬಿಡಬೇಕು ಅಂತ ನಾನು ನಿಮ್ಮ ಕೌಂಟರಿಗೆ ಬಂದು ಹೇಳ್ತೀನಾ?" ಎಂದರು. ತಪ್ಪು ಬಸ್ಸು ಹತ್ತಿಸಿದರೆ ಜನ ಬಂದು ಬೈಯುತ್ತಾರೆ, ಟಿಕೆಟ್ ಕೊಟ್ಟವಳು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ತಂಗಿಗೆ ಹೇಳಬೇಕೆನಿಸಿತು. ತಂತಿ ಎತ್ತಿಕೊಂಡು ಹೊರಗೆ ಬಂದಳು.

ಭಾನುವಾರ ವಾರ್ಡಿನಲ್ಲಿದ್ದವಳು ಡ್ಯೂಟಿ ಡಾಕ್ಟರು, ಇನ್ನೂ ಕಲಿಯುತ್ತಿದ್ದ ಹೆಣ್ಣುಮಗಳು. ಅವಳು ಬಿಲ್ಲೆಗಳನ್ನು ಮೇಜಿನ ಮೇಲೆ ದಿನದ ಲೆಕ್ಕದಲ್ಲಿ ಜೋಡಿಸಿದಳು. ಮೇಸ್ತ್ರಿ ಪಕ್ಕದಲ್ಲಿ ನಿಂತು "ಇದು ಬುಧವಾರದ್ದು" ಎಂದು ತಿದ್ದಿದ.

"ಚಿಕ್ಕಂದಿನಿಂದಲೂ ಮೊಟ್ಟೆ, ಹಾಲು ಬೇಡ ಅಂತಿದ್ರಾ?"

"ಹೌದು."

"ನಿಮ್ಮ ತಾಯಿ?"

"ಅಮ್ಮನಿಗೂ ಸೇರ್ತಿರಲಿಲ್ಲ. ಅಮ್ಮನ್ನ ನೋಡಿ ಇವಳೂ ಹಟ ಮಾಡ್ತಾಳೆ ಅಂದ್ಕೊಂಡಿದ್ವಿ."

"ಮನೇಲಿ ಎಳೆ ಮಕ್ಕಳು ಯಾರಾದರೂ ತೀರಿಕೊಂಡಿದ್ರಾ?"

"ಒಬ್ಬ ತಮ್ಮ. ಹುಟ್ಟಿ ಮೂರನೇ ದಿನಕ್ಕೆ. ಹಾಲು ಕುಡಿಯೋದು ಬಿಟ್ಟ, ನಿದ್ದೆ ಹೋದ, ಏಳಲಿಲ್ಲ."

"ಇದನ್ನ ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳಲಿಲ್ಲ ಡಾಕ್ಟ್ರೇ. ನೀವೇ ಮೊದಲು."

ರಕ್ತದಲ್ಲಿ ಅಮೋನಿಯಾ ಎಷ್ಟಿದೆ ಎಂದು ನೋಡಬೇಕು ಎಂದಳು ಅವಳು. ಅದೇನು ದೂರದೇಶಕ್ಕೆ ಕಳಿಸುವ ಪರೀಕ್ಷೆಯಲ್ಲ, ಅದೇ ಆಸ್ಪತ್ರೆಯ ನೆಲಮಹಡಿಯಲ್ಲಿ ಆಗುವಂಥದ್ದು. ಕರಾರು ಒಂದೇ. ತೆಗೆದ ರಕ್ತ ಮಂಜುಗಡ್ಡೆಯಲ್ಲಿ ಕೂತು ಹದಿನೈದು ನಿಮಿಷದೊಳಗೆ ಲ್ಯಾಬು ಮುಟ್ಟಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಮೊದಲು ತೆಗೆದ ರಕ್ತ ನರ್ಸಿನ ಮೇಜಿನ ಮೇಲೇ ಮುಕ್ಕಾಲು ಗಂಟೆ ಬಿಸಿಲು ಕಾಯಿಸಿತು. ಲ್ಯಾಬಿನವರು ವಾಪಸು ಕಳಿಸಿದರು. ಎರಡನೆಯ ಸಲ ಮೇಸ್ತ್ರಿ ತನ್ನ ಊಟದ ಡಬ್ಬಿ ತೊಳೆದು, ಕ್ಯಾಂಟೀನಿನಿಂದ ಮಂಜುಗಡ್ಡೆ ತುಂಬಿಸಿಕೊಂಡು ಬಂದು ಮಂಚದ ಪಕ್ಕ ನಿಂತ. ರಕ್ತದ ಕೊಳವೆ ಡಬ್ಬಿಗೆ ಬಿದ್ದದ್ದೇ ತಡ, ಹೊಟ್ಟೆ ಕುಣಿಸುತ್ತ ಮೂರು ಮಹಡಿ ಮೆಟ್ಟಿಲಿಳಿದ. "ಮೇಸ್ತ್ರೀ, ಊಟಕ್ಕೆ ಇಷ್ಟು ಅವಸರಾನಾ?" ಎಂದು ಆಯಾ ಒಬ್ಬಳು ಕೂಗಿದಳು. ಉತ್ತರ ಕೊಡಲು ಅವನಲ್ಲಿ ಉಸಿರಿರಲಿಲ್ಲ.

ಅಮೋನಿಯಾ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇತ್ತು.

ಡ್ಯೂಟಿ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದಳು. ಮೊಟ್ಟೆ, ಹಾಲು, ಬೇಳೆ, ಮಾಂಸ ಯಾವುದೇ ಇರಲಿ, ಅದರ ಪ್ರೋಟೀನು ಮೈಯಲ್ಲಿ ಮುರಿದಾಗ ಅಮೋನಿಯಾ ಎಂಬ ಕೊಳೆ ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಬದಲಾಯಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಕೆಲಸ ಮಾಡುವ ಒಂದು ಅಂಶ ಸಾಲದು, ವಂಶವಾಹಿಯಲ್ಲಿನ ದೋಷ.

"ಮೇಸ್ತ್ರಿಗಳೇ, ಕೊಳೆ ಬಟ್ಟೆ ಬರ್ತಾನೇ ಇದೆ, ನಿಮ್ಮ ಒಂದು ಮಿಷಿನ್ ಅರ್ಧ ಕೆಟ್ಟಿದೆ. ಏನಾಗತ್ತೆ?"

"ರಾಶಿ ಬಿದ್ದು ಕಾರಿಡಾರ್ ತನಕ ಬರತ್ತೆ."

"ಇವರಿಗೆ ತಲೆ ತನಕ ಬಂದಿದೆ. ಕಡೇಲಿ ಕೊಟ್ಟ ಮಾತ್ರೆ ಇದೆಯಲ್ಲ, ಅದು ಆ ಅರ್ಧ ಮಿಷಿನನ್ನೂ ತಡೆಯತ್ತೆ."

ತಲೆ ಒಳಗೆ ಹೋಗತ್ತೆ. ಆಮೇಲೆ ತಲೆ ದಪ್ಪ ಆಗತ್ತೆ. ತಂಗಿಗೆ ಆ ಮಾತು ನೆನಪಾಯಿತು. ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡಳು.

ಆ ಮಾತ್ರೆ ನಿಂತಿತು. ಪ್ರೋಟೀನು ಸದ್ಯಕ್ಕೆ ಬಂದ್, ಸಕ್ಕರೆ ನೀರಿನ ಡ್ರಿಪ್ಪು, ಅಮೋನಿಯಾವನ್ನು ಮೂತ್ರದ ದಾರಿ ಹಿಡಿಸುವ ಔಷಧಿ. ಸೋಮವಾರ ಹನ್ನೊಂದಕ್ಕೆ ಅರ್ಜಿ ಮೇಜಿನ ಮೇಲಿತ್ತು, ಪೆನ್ನೂ ಇತ್ತು. ತಂಗಿ ರಕ್ತದ ವರದಿಯನ್ನು ಅರ್ಜಿಯ ಮೇಲಿಟ್ಟು, "ಸಹಿ ಮಾಡಲ್ಲ ಸಾರ್" ಎಂದು ಎದ್ದು ಬಂದಳು.

ಗುರುವಾರ ಬೆಳಿಗ್ಗೆ ಗಂಟಕ್ಕ ಕಣ್ಣು ಬಿಟ್ಟು ವಾರ್ಡಿನ ಬಾಗಿಲ ಬಳಿ ಇಳಿಸಿದ್ದ ಮೂಟೆಯನ್ನೇ ನೋಡಿದಳು.

"ಇದ್ಯಾರು ಕಟ್ಟಿದ್ದು? ಬಾಲ ಬಲಕ್ಕಿದೆ. ಬಿಚ್ಚಿಹೋಗತ್ತೆ."

ತಂಗಿ ಅವಳ ಕೈ ಹಿಡಿದುಕೊಂಡಳು. "ಅಕ್ಕಾ, ಮೊಟ್ಟೆ ನಾನೇ ತಿನ್ನಿಸಿದ್ದು."

"ಹೌದು. ನೀನೇ."

"ತಪ್ಪಾಯ್ತಕ್ಕಾ."

"ನಾನು ಬೇಡ ಅಂದೆ."

"ಅಂದೆ."

"ಎಷ್ಟು ಸಲ ಅಂದೆ?"

ತಂಗಿಗೆ ಲೆಕ್ಕ ಸಿಗಲಿಲ್ಲ. ಇಪ್ಪತ್ತರ ಮೇಲೆ ಎಣಿಸಲು ಬಾರದ ಅಕ್ಕ ಉತ್ತರಕ್ಕೆ ಕಾದಳು. ಆಮೇಲೆ ಕೈ ಬಿಡಿಸಿಕೊಂಡು ಮಗ್ಗುಲಾದಳು.

ಒಂದೂವರೆ ತಿಂಗಳಿಗೆ ವಂಶವಾಹಿ ಪರೀಕ್ಷೆಯ ಫಲಿತಾಂಶ ಬಂತು. ದೋಷ ಇದ್ದದ್ದು ನಿಜ, ಬಹುಶಃ ಅಮ್ಮನಿಂದ ಬಂದದ್ದು. ತಂಗಿಗೆ ಬಂದಿಲ್ಲ. ಈಗ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಪ್ರೋಟೀನು ಪೂರ್ತಿ ಬಿಡುವಂತಿಲ್ಲ, ಅದು ಬೇರೆ ಅಪಾಯ. ಎಷ್ಟು ಹಿಡಿಸುತ್ತದೋ ಅಷ್ಟನ್ನು ತೂಗಿ ಕೊಡಬೇಕು. ಜ್ವರ ಬಂದರೆ, ಊಟ ಬಿಟ್ಟರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಗಂಟಕ್ಕ ಲಾಂಡ್ರಿಗೆ ವಾಪಸಾಗಿದ್ದಾಳೆ, ಮೊದಲು ಅರ್ಧ ದಿನ, ಈಗ ಇಡೀ ದಿನ. ಹದಿನೇಳು ಅವಳಿಗೇ ಸಿಕ್ಕಿತು, ಹೊಸಬಳು ಇಪ್ಪತ್ತೆರಡು ತಗೊಂಡಳು. ಕೈ ಸ್ವಲ್ಪ ನಡುಗುತ್ತದೆ. ಯಂತ್ರಗಳು ಬೈಯುವುದನ್ನು ನಿಲ್ಲಿಸಿವೆ. ಗೇಟಿನ ನಾಯಿ ಇಳಿದುಹೋಗಿದೆ.

ಬುದ್ಧಿ ಮೊದಲಿನಷ್ಟೇ ಇದೆ. ಇದು ಪವಾಡದ ಕಥೆಯಲ್ಲ. ಬುದ್ಧಿ ಕಡಿಮೆ ಇರುವವರ ಮನಸ್ಸು ಕದಡಿದಾಗೆಲ್ಲ ಕಾರಣ ಅಮೋನಿಯಾ ಆಗಿರುವುದಿಲ್ಲ. ಒಬ್ಬರಿಗೆ ತಾಮ್ರ ಮೈಯಲ್ಲಿ ಉಳಿದಿರುತ್ತದೆ, ಇನ್ನೊಬ್ಬರಿಗೆ ವಂಶವಾಹಿಗಳ ಸರಪಳಿಯ ಒಂದು ತುಂಡೇ ಇಲ್ಲದೆ ರಕ್ತದ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕುಸಿದಿರುತ್ತದೆ, ಎಷ್ಟೋ ಜನರಲ್ಲಿ ಹುಡುಕಿದರೂ ಇಂಥದ್ದು ಯಾವುದೂ ಸಿಗುವುದಿಲ್ಲ. ಹುಡುಕಿದರೂ ಸಿಗದೆ ಹೋಗುವುದು ಬೇರೆ, ಹುಡುಕದೇ ಇರುವುದು ಬೇರೆ. ಸಣ್ಣಂದಿನಿಂದ ಏರಿಳಿದ ಇದೇ ಅಮೋನಿಯಾ ಅವಳ ಬುದ್ಧಿಯನ್ನೂ ತಿಂದಿರಬಹುದು ಎಂದು ಡ್ಯೂಟಿ ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದಳು. ಮೂವತ್ತಾರು ವರ್ಷದಲ್ಲಿ ಒಂದು ಸಲ, ಒಬ್ಬರೇ ಒಬ್ಬರು ಕೇಳಿದ್ದರೆ!

ಕಡತದಲ್ಲಿ ಆ ಮೂರನೆಯ ಸಾಲು ಇನ್ನೂ ಇದೆ. ಹೊಡೆದುಹಾಕಿ ಎಂದು ತಂಗಿ ಕೇಳಿದಳು. ಬರೆದದ್ದನ್ನು ಹೊಡೆದುಹಾಕುವ ಪದ್ಧತಿ ಇಲ್ಲವಂತೆ. ಕೆಳಗೆ ಹೊಸ ಸಾಲೊಂದನ್ನು ಸೇರಿಸಿದ್ದಾರೆ. ಯಾರು ತಪ್ಪಿದರು ಎಂದು ಆ ಸಾಲಿನಲ್ಲಿಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ, ನೀವು ಕೆಲಸ ಮಾಡುವ ಕಡೆ ಇಂಥವರೊಬ್ಬರು ಇದ್ದಾರೆ. ಅವರು ಇದ್ದಕ್ಕಿದ್ದಂತೆ ಬದಲಾದರೆ ಡಾಕ್ಟರ ಮುಂದೆ ಕುರ್ಚಿ ಎಳೆದುಕೊಂಡು ಕೂರಿ. ರಕ್ತದಲ್ಲಿ ಏನು ನೋಡಿದಿರಿ, ಏನು ನೋಡಲಿಲ್ಲ ಎಂದು ಕೇಳಿ. ಅದಕ್ಕೂ ಮೊದಲು, ಬೇಡ ಅಂದವರ ಹತ್ತಿರ ಹೋಗಿ ಯಾಕೆ ಬೇಡ ಎಂದು ಕೇಳಿ, ಅವರು ತಮಗೆ ಬರುವ ಮಾತಿನಲ್ಲಿ ಹೇಳಿ ಮುಗಿಸುವವರೆಗೂ ಕಾಯಿರಿ. ಎರಡೂ ಕಡೆಯಿಂದ ಉತ್ತರ ಬರುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.